'ಅರವತ್ತೊಂದು': ಕಾರವಾರದಲ್ಲಿ ಒಂದು ರಾಕ್ ಸಿಂಗಲ್ ಕಟ್ಟಿದ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅಂತ ಸರಕಾರ ಹಾಕಿರುವ 61 ದಿನಗಳ ನಿಷೇಧ ಅದು. ಆಗ ಬೈತಖೋಲ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಖಲಾಸಿಗಳು ಊರಿಗೆ ಹೋಗಿರುತ್ತಾರೆ. ಬಲೆ ಹೊಲಿಯುವವರು, ಎಂಜಿನ್ ಬಿಚ್ಚಿ ಕೂತವರು ಮಾತ್ರ ಉಳಿದಿರುತ್ತಾರೆ. ನಮ್ಮ ಬ್ಯಾಂಡಿನ ಮೊದಲ ಸಿಂಗಲ್, ಅಂದರೆ ಒಂದೇ ಹಾಡಿನ ಬಿಡುಗಡೆ, ಆ ದಿನಗಳ ಬಗ್ಗೆ. ಹೆಸರು 'ಅರವತ್ತೊಂದು'.

ಬಿಡುಗಡೆ ಯಾವತ್ತು ಅಂತ ಚರ್ಚೆಯೇ ಬೇಕಾಗಲಿಲ್ಲ. ಬೋಟು ಇಳಿಯುವ ದಿನ, ಆಗಸ್ಟ್ 1. 2025ರಲ್ಲಿ ಅದು ಶುಕ್ರವಾರ ಬಂದಿತ್ತು. ಹೊಸ ಹಾಡುಗಳನ್ನು ಶುಕ್ರವಾರ ಬಿಡುವ ರೂಢಿ 2015ರಿಂದ ಜಗತ್ತಿನ ಹೆಚ್ಚಿನ ಕಡೆ ಇದೆ. ಹಾಗಾಗಿ ಎರಡೂ ಕೂಡಿಬಂತು.

ಆ ದಿನ ಗಟ್ಟಿಯಾದ ಕೂಡಲೇ ಉಳಿದದ್ದೆಲ್ಲ ಹಿಂದಕ್ಕೆ ಎಣಿಸಿ ಬಂತು. ನಮ್ಮ ಕೋಣೆಗೆ ಹಂಚಿನ ಮಾಡು. ಮಳೆ ಹಿಡಿದರೆ ಹಂಚಿನ ಮೇಲಿನ ಸದ್ದಿನಲ್ಲಿ ಮೈಕ್ ಇಡುವ ಮಾತೇ ಇಲ್ಲ. ಕಾರವಾರದ ಮಳೆ ಗೊತ್ತಲ್ವಾ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮೈಕಿನ ಕೆಲಸ ಎಲ್ಲ ಮೇ ತಿಂಗಳ ಒಳಗೆ, ಮಿಕ್ಸಿಂಗ್, ಅಂದರೆ ಹಿಡಿದ ಸದ್ದುಗಳನ್ನು ಹದವಾಗಿ ಕೂಡಿಸುವ ಕೆಲಸ, ಮಳೆಯಲ್ಲಿ. ಹೀಗೆ ನಿಶ್ಚಯ ಮಾಡಿಕೊಂಡೆವು.

ಕಾರವಾರ, ಕುಮಟಾ, ಶಿರಸಿ ಕಡೆ ಹಾಡು ಕಟ್ಟುವ ಹುಡುಗ ಹುಡುಗಿಯರು ತುಂಬ ಇದ್ದಾರೆ. ರೆಕಾರ್ಡಿಂಗ್ ಅಂದ ಕೂಡಲೇ ಬೆಂಗಳೂರು ಇಲ್ಲವೇ ಗೋವಾ ಅನ್ನುತ್ತಾರೆ. ಸದ್ದು ಕೆಡುವುದು ಹೆಚ್ಚಾಗಿ ಮೈಕಿಗೆ ಮುಟ್ಟುವ ಮೊದಲೇ ಅಂತ ಈ ಕೆಲಸದಲ್ಲಿ ನನಗೆ ಖಾತ್ರಿಯಾಯಿತು. ಕರೆಂಟು, ಕೋಣೆ, ವಾದ್ಯ. ಈ ಮೂರನ್ನು ಸರಿ ಮಾಡಿದರೆ ಸಾಧಾರಣ ಮೈಕಿನಲ್ಲೂ ಒಳ್ಳೆಯ ಹಾಡು ಬರುತ್ತದೆ. ಅವು ಕೆಟ್ಟಿದ್ದರೆ ಎಷ್ಟು ಪ್ಲಗಿನ್ (ಸದ್ದು ತಿದ್ದುವ ಸಾಫ್ಟ್‌ವೇರ್) ಹಾಕಿದರೂ ಮುಚ್ಚುವುದಿಲ್ಲ.

ಅರ್ಥಿಂಗ್ ಗುಂಡಿಯಿಂದ ಶುರು

ಕೋಣೆ ನಮ್ಮ ಡ್ರಮ್ಮರ್ ಮನೆಯದು, ಕಾರವಾರದಿಂದ ಅಂಕೋಲಾ ಕಡೆ ಹೋಗುವ ದಾರಿಯಲ್ಲಿ. ಗಿಟಾರ್ ಆಂಪ್ ಚಾಲೂ ಮಾಡಿದರೆ ಸಾಕು, ಗುಂಯ್ ಅನ್ನುವ ಹಮ್. ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದ ಸದ್ದು ಎಷ್ಟಿದೆ ಅನ್ನುವ ಚಿತ್ರ, ತೆರೆದು ನೋಡಿದೆ. 50 ಹರ್ಟ್ಸಿನಲ್ಲಿ ಒಂದು ಎತ್ತರದ ಗೂಟ, 100ರಲ್ಲಿ, 150ರಲ್ಲಿ ಸಣ್ಣ ಗೂಟಗಳು. ಮನೆಯ ಕರೆಂಟಿನ ಆವರ್ತನವೇ 50 ಹರ್ಟ್ಸ್, ಹಾಗಾಗಿ ಮೂಲ ಎಲ್ಲಿದೆ ಅನ್ನುವುದರಲ್ಲಿ ಸಂಶಯ ಇರಲಿಲ್ಲ.

ಹಮ್‌ಗಿಂತ ಗಾಬರಿಯಾದದ್ದು ಹಾಡುವವಳ ಮಾತಿಗೆ. ಅವಳು ಶಿರಸಿಯವಳು, ಗಿಟಾರೂ ನುಡಿಸುತ್ತಾಳೆ. "ಗಿಟಾರ್ ಹಿಡ್ಕಂಡು ಮೈಕಿಗೆ ತುಟಿ ತಾಗಿದ್ರೆ ಜುಮ್ ಅಂತು" ಅಂದಳು. ಇದು ಸದ್ದಿನ ತೊಂದರೆಯಲ್ಲ, ಜೀವಕ್ಕೆ ಅಪಾಯ. ಗಿಟಾರಿನ ತಂತಿಯಿಂದ ಆಂಪಿನ ಲೋಹದ ಮೈಗೆ, ಅಲ್ಲಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ, ಅಲ್ಲಿಂದ ಹೊರಗಿನ ಗುಂಡಿಗೆ ದಾರಿ ಇರಬೇಕು. ಆ ದಾರಿ ಕಡಿದಿದ್ದರೆ ಸೋರಿದ ಕರೆಂಟು ನಮ್ಮ ಮೈಯಲ್ಲೇ ಹರಿಯುತ್ತದೆ. ಅವತ್ತೇ ಎಲ್ಲ ಪ್ಲಗ್ ಕಿತ್ತು ಇಟ್ಟೆವು.

ವೈರಿಂಗ್ ಮಾಡುವವರನ್ನು ಕರೆಸಿ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಮೀಟರ್ ಹಿಡಿಸಿದೆವು. ಒಂದೆರಡು ವೋಲ್ಟ್ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಅದಕ್ಕಿಂತ ಎಷ್ಟೋ ಜಾಸ್ತಿ ತೋರಿಸಿತು. ಹೊರಗೆ ನೋಡಿದರೆ ಹಳೆಯ ಗುಂಡಿಯ ಪೈಪ್ ತುಕ್ಕು ಹಿಡಿದು ತಂತಿಯ ಜೋಡಣೆಯೇ ಬಿಟ್ಟುಹೋಗಿತ್ತು. ಉಪ್ಪುಗಾಳಿಯ ಊರಿನಲ್ಲಿ ಇದು ಎಲ್ಲ ಮನೆಯಲ್ಲೂ ಆಗುವಂಥದ್ದು, ನಿಮ್ಮದನ್ನೂ ಒಮ್ಮೆ ನೋಡಿಸಿ.

ಹೊಸ ಗುಂಡಿ ತೆಗೆದರು. ಎರಡೂವರೆ ಮೀಟರಿನ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪ್, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ. ಉಪ್ಪು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು. ಅಲ್ಲಿನ ಗದ್ದೆಯ ಉಪ್ಪು ಊಟಕ್ಕೆ ಮಾತ್ರ ಅಂದುಕೊಂಡಿದ್ದವರಿಗೆ ಇದೊಂದು ಹೊಸ ಉಪಯೋಗ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವದಲ್ಲಿ ಕರಗಿ ಕರೆಂಟು ಹರಿಯಲು ಸುಲಭ ಮಾಡುತ್ತದೆ. ನಮ್ಮದು ಚಿರೇಕಲ್ಲಿನ ನೆಲ. ಮೇ ತಿಂಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ, ಒಣಗಿದಷ್ಟೂ ಅರ್ಥಿಂಗ್ ಕೆಡುತ್ತದೆ. ಅದಕ್ಕೇ ರೆಕಾರ್ಡಿಂಗ್ ಮುಗಿಯುವವರೆಗೆ ಪೈಪಿನ ಬಾಯಿಗೆ ದಿನಾ ನೀರು ಹಾಕುತ್ತಿದ್ದೆವು. ಉಪ್ಪು ಪೈಪನ್ನು ನಿಧಾನವಾಗಿ ತಿನ್ನುತ್ತದೆ, ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು.

ಕೆಲವರು ಹಮ್ ಕಡಿಮೆ ಮಾಡಲು ಪ್ಲಗ್ಗಿನ ದಪ್ಪ ಪಿನ್ನನ್ನೇ ಕಿತ್ತುಹಾಕುತ್ತಾರೆ. ಹಮ್ ಹೋಗಬಹುದು, ಜೊತೆಗೆ ರಕ್ಷಣೆಯೂ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಗುಂಡಿ ಆದ ಮೇಲೆ ಜುಮ್ ನಿಂತಿತು, ಹಮ್ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಗಿಟಾರಿನದೇ. ಸಿಂಗಲ್ ಕಾಯಿಲ್ ಪಿಕಪ್ಪು (ತಂತಿಯ ಮಿಡಿತವನ್ನು ಕರೆಂಟಾಗಿಸುವ ಒಂಟಿ ಸುರುಳಿ) ಸುತ್ತಲಿನ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ, ಅದಕ್ಕೆ ಅರ್ಥಿಂಗ್ ಮದ್ದಲ್ಲ. ಪಿಕ್‌ಗಾರ್ಡ್ ಅನ್ನುವ ಮುಚ್ಚಳ ಬಿಚ್ಚಿ ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿದೆ, ತುಂಡುಗಳು ಕೂಡುವಲ್ಲಿ ಬೆಸುಗೆ ಹಾಕಿದೆ. ಅದರಿಂದ ಜರ್ರ್ ಅನ್ನುವ ಸಣ್ಣ ಸದ್ದು ಹೋಯಿತು, ಗುಂಯ್ ಹೋಗಲಿಲ್ಲ. ಗುಂಯ್‌ಗೆ ಎರಡೇ ದಾರಿ. ಎರಡು ಪಿಕಪ್ಪು ಒಟ್ಟಿಗೆ ಕೆಲಸ ಮಾಡುವ ಸ್ವಿಚ್ಚಿನ ಜಾಗದಲ್ಲಿ ನುಡಿಸುವುದು, ಅಲ್ಲಿ ಒಂದರ ಹಮ್ ಇನ್ನೊಂದರದ್ದನ್ನು ಕಳೆಯುತ್ತದೆ. ಇಲ್ಲವೇ ಕೂತಲ್ಲೇ ಮೆಲ್ಲಗೆ ತಿರುಗಿ ಹಮ್ ಕಡಿಮೆಯಾಗುವ ದಿಕ್ಕು ಹುಡುಕುವುದು. ಗಿಟಾರಿನ ಹೆಚ್ಚಿನ ಭಾಗ ಕಿಟಕಿಗೆ ಬೆನ್ನು ಹಾಕಿ ನುಡಿಸಿದ್ದು ಇದೇ ಕಾರಣಕ್ಕೆ. ಬಿಚ್ಚಿದ ಕೈಯಲ್ಲೇ ಕರಕರ ಅನ್ನುತ್ತಿದ್ದ ವಾಲ್ಯೂಮ್ ತಿರುಗಿಸುವ ಪಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಹಸಿರುಗಟ್ಟಿದ ಜ್ಯಾಕ್ ಬದಲಿಸಿದೆ. ಹೊಸ ತಂತಿಯ ಕಟ್ಟನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಟ್ಟೆವು.

ಹತ್ತು ಅಡಿ, ಹದಿನಾಲ್ಕು ಅಡಿ

ಕೋಣೆ ಹತ್ತಕ್ಕೆ ಹದಿನಾಲ್ಕು ಅಡಿ. ಬೇಸ್ ಗಿಟಾರಿನಲ್ಲಿ ಖಾಲಿ 'ಈ' (E) ತಂತಿ ಎಳೆದರೆ ಕೋಣೆಯೇ ಬೊಬ್ಬಿಡುತ್ತಿತ್ತು, ಖಾಲಿ 'ಏ' (A) ತಂತಿಯೂ ಹಾಗೇ. ನಡುವಿನ ಸ್ವರಗಳು ಸುಮ್ನೆ ಬಂದು ಹೋಗುತ್ತಿದ್ದವು.

ಕಾರಣ ಲೆಕ್ಕದಲ್ಲಿ ಸಿಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ಅಂತರದ ಎರಡು ಪಟ್ಟಿನಿಂದ ಅದನ್ನು ಭಾಗಿಸಿದರೆ ಆ ಕೋಣೆ ಯಾವ ಸ್ವರಕ್ಕೆ ಮೊದಲು ಮಿಡಿಯುತ್ತದೆ ಅಂತ ತಿಳಿಯುತ್ತದೆ. ಹದಿನಾಲ್ಕು ಅಡಿ ಅಂದರೆ 4.27 ಮೀಟರ್, ಉತ್ತರ ಸುಮಾರು 41 ಹರ್ಟ್ಸ್. ಹತ್ತು ಅಡಿ ಅಂದರೆ 3.05 ಮೀಟರ್, ಉತ್ತರ ಸುಮಾರು 57. ಬೇಸಿನ ಖಾಲಿ 'ಈ' 41.2 ಹರ್ಟ್ಸ್, ಖಾಲಿ 'ಏ' 55. ಎರಡು ತಂತಿಗೂ ಎರಡು ಗೋಡೆ ಜೋಡಿ ಸರಿಯಾಗಿ ಕೂತಿತ್ತು. ನಮ್ಮೂರಲ್ಲಿ ಇದೇ ಅಳತೆಯ ಕೋಣೆಗಳು ಎಷ್ಟೋ ಇವೆ, ಅದಕ್ಕೇ ಈ ಲೆಕ್ಕ ಬರೆದಿದ್ದೇನೆ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಗೋಣಿಚೀಲಗಳು ಬಂದವು, ತುಂಬ ಒಣಗಿದ ಅಡಿಕೆ ಸಿಪ್ಪೆ. ಹಾಡುವವಳ ಮನೆಯಲ್ಲಿ ಅದು ಗುಡ್ಡೆಗಟ್ಟಲೆ ಇರುತ್ತದೆ. ನಾಲ್ಕೂ ಮೂಲೆಯಲ್ಲಿ ಚೀಲ ಪೇರಿಸಿದೆವು, ಗಿಲಾವು ಮಾಡಿದ ಒಂದು ಗೋಡೆಗೆ ತೆಂಗಿನ ನಾರಿನ ದಪ್ಪ ಚಾಪೆ ತೂಗಿಸಿದೆವು. ಉಳಿದ ಮೂರು ಗೋಡೆ ಗಿಲಾವಿಲ್ಲದ ಚಿರೇಕಲ್ಲು. ಅದರ ಮೈತುಂಬ ತೂತು ಇರುವುದರಿಂದ ಸದ್ದು ನೇರ ವಾಪಸ್ ಬರದೆ ಚದುರುತ್ತದೆ. ಅದನ್ನು ಮುಟ್ಟಲಿಲ್ಲ. ಚಪ್ಪಾಳೆ ತಟ್ಟಿದಾಗ ಮೊದಲು ಬರುತ್ತಿದ್ದ ಟಿಣ್ ಅನ್ನುವ ಮರುದನಿ ನಿಂತುಹೋಯಿತು.

ಆದರೆ ಚೀಲಗಳು 41 ಹರ್ಟ್ಸನ್ನು ಹೀರುವುದಿಲ್ಲ. ಆ ಅಲೆಯ ಉದ್ದ ಎಂಟು ಮೀಟರಿಗಿಂತ ಜಾಸ್ತಿ, ಒಂದು ಚೀಲದ ದಪ್ಪ ಅದಕ್ಕೆ ಏನೂ ಅಲ್ಲ. ಹಾಗಾಗಿ ಬೇಸನ್ನು ಕೋಣೆಯಲ್ಲಿ ಮೈಕ್ ಇಟ್ಟು ಹಿಡಿಯುವ ಯೋಚನೆಯನ್ನೇ ಬಿಟ್ಟು ನೇರವಾಗಿ ಡಿ.ಐ. ಬಾಕ್ಸಿನಿಂದ (ವಾದ್ಯವನ್ನು ಮೈಕಿಲ್ಲದೆ ರೆಕಾರ್ಡಿಂಗಿಗೆ ಜೋಡಿಸುವ ಪೆಟ್ಟಿಗೆ) ತೆಗೆದೆವು. ಮಿಕ್ಸ್ ಮಾಡುವಾಗ ಕುರ್ಚಿಯನ್ನು ಕೋಣೆಯ ಉದ್ದದ 38 ಶೇಕಡಾ ಹತ್ತಿರ, ಅಂದರೆ ಎದುರು ಗೋಡೆಯಿಂದ ಐದೂಕಾಲು ಅಡಿ ದೂರದಲ್ಲಿ ಇಟ್ಟೆ. ಸರಿಯಾಗಿ ನಡುವೆ ಕೂತರೆ ಆ 41 ಹರ್ಟ್ಸ್ ಕೇಳುವುದೇ ಇಲ್ಲ, ಗೋಡೆಗೆ ಒರಗಿದರೆ ಅತಿಯಾಗಿ ಕೇಳುತ್ತದೆ. ಎರಡರಲ್ಲೂ ಬೇಸ್ ಎಷ್ಟು ಬೇಕು ಅನ್ನುವ ತೀರ್ಮಾನ ತಪ್ಪುತ್ತದೆ.

ಮಳೆ ಬರುವ ಮೊದಲು ಚೀಲಗಳನ್ನು ಹೊರಗೆ ಸಾಗಿಸಿದೆವು. ಸಿಪ್ಪೆ ತೇವ ಕುಡಿದರೆ ಬೂಸಲು ಹಿಡಿದು ಹುಳ ಬೀಳುತ್ತದೆ.

ಗುಮಟೆ ಮುಂದೆ, ಕ್ಲಿಕ್ ಹಿಂದೆ

ಈ ಹಾಡಿನ ಜೀವ ಗುಮಟೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಅದೊಂದು ಮಣ್ಣಿನ ಕೊಡದಂಥ ವಾದ್ಯ. ಅಗಲದ ಬಾಯಿಗೆ ಚರ್ಮ, ಇನ್ನೊಂದು ಕಡೆ ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮಕ್ಕೆ ಬಡಿದರೆ ಎಡಗೈ ಹಿಂದಿನ ಬಾಯಿಯನ್ನು ಮುಚ್ಚಿ ತೆರೆದು ಸದ್ದನ್ನು ಬಗ್ಗಿಸುತ್ತದೆ. ನಮ್ಮ ಉತ್ತರ ಕನ್ನಡದ ಹಾಲಕ್ಕಿ ಸಮುದಾಯದವರ ಮನೆಗಳಲ್ಲಿ ಸುಗ್ಗಿಗೆ ಇದನ್ನು ಬಾರಿಸುತ್ತಾರೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ, ಅದನ್ನು ಕೊಲ್ಲುವುದು ಅಪರಾಧ. ನಮ್ಮ ಗುಮಟೆಗೆ ಕಟ್ಟಿದ್ದು ಆಡಿನ ಚರ್ಮ.

ಬಾರಿಸಿದವರು ಅಂಕೋಲಾ ಕಡೆಯ ಹಿರಿಯರು, ನಾವೆಲ್ಲ ಗೌಡ್ರೇ ಅಂತ ಕರೆಯುವುದು. ಬಂದವರೇ ಚರ್ಮದ ಮೇಲೆ ಬೆರಳಾಡಿಸಿ, "ತಮಾ, ತಂಡಿ ಹಿಡ್ದದೆ. ಮೊದ್ಲು ಬಿಸ್ಲಿಗೆ ಇಡು" ಅಂದರು. ಕಡಲ ಗಾಳಿಯ ತೇವಕ್ಕೆ ಚರ್ಮ ಸಡಿಲವಾಗಿ ಸದ್ದು ಇಳಿದಿತ್ತು. ಅಂಗಳದಲ್ಲಿ ಕಾಯಿಸಿ ತಂದ ಮೇಲೆ ಅದೇ ಗುಮಟೆ ಬೇರೆಯಾಗಿ ನುಡಿಯಿತು. ಆಮೇಲೆ ಪ್ರತಿ ಸಲ ಬಾರಿಸುವ ಮೊದಲು ಬಿಸಿಲಿಗಿಡುವುದೇ ನಮ್ಮ ಸೌಂಡ್ ಚೆಕ್.

ಮೈಕ್ ಎರಡು. ಚರ್ಮದ ಕಡೆ ಶ್ಯೂರ್ ಎಸ್.ಎಂ.57, ಹಿಂದಿನ ಬಾಯಿಯ ಕಡೆ ಒಂದು ಕಂಡೆನ್ಸರ್. ಹಿಂದಿನ ಮೈಕನ್ನು ನೇರ ಬಾಯಿಗೆ ಹಿಡಿದರೆ ಗಾಳಿಯ ಹೊಡೆತ ಬೀಳುತ್ತದೆ, ಅದಕ್ಕೆ ಒಂದು ಗೇಣು ದೂರ ಇಟ್ಟು ಪಕ್ಕಕ್ಕೆ ಓರೆ ಮಾಡಿದೆ. ಚರ್ಮ ಒಳಕ್ಕೆ ಹೋದಾಗ ಮುಂದಿನ ಮೈಕಿನಿಂದ ಗಾಳಿ ದೂರ ಸರಿಯುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಮೈಕಿನ ಕಡೆಗೆ ಗಾಳಿ ನುಗ್ಗುತ್ತದೆ. ಎರಡನ್ನೂ ಹಾಗೇ ಕೂಡಿಸಿದರೆ ಒಂದು ಇನ್ನೊಂದನ್ನು ತಿಂದು ಗುಂ ಅನ್ನುವ ತಳವೇ ಮಾಯ. ಹಿಂದಿನ ಟ್ರ್ಯಾಕಿನ ಪೋಲಾರಿಟಿ, ಅಂದರೆ ಅಲೆಯ ಏರು ಇಳಿವು, ತಿರುಗಿಸಿದ ಕೂಡಲೇ ತಳ ಬಂತು. ಡ್ರಮ್ ಸೆಟ್ಟಿನ ಸ್ನೇರಿಗೆ (ಚುರುಕು ಸದ್ದಿನ ಸಣ್ಣ ಡ್ರಮ್) ಮೇಲೆ ಕೆಳಗೆ ಮೈಕ್ ಇಡುವವರಿಗೆ ಇದು ಗೊತ್ತಿರುತ್ತದೆ. ಗುಮಟೆಗೆ ಮಾತ್ರ ಅಲ್ಲ, ಎರಡು ಕಡೆಯಿಂದ ಹಿಡಿಯುವ ಯಾವ ಚರ್ಮವಾದ್ಯಕ್ಕೂ ಮೋನೋದಲ್ಲಿ (ಎಲ್ಲ ಸದ್ದನ್ನೂ ಒಂದಾಗಿ ಕೂಡಿಸಿ) ಕೇಳಿ, ತಿರುಗಿಸಿ ಕೇಳಿ, ತುಂಬಿಕೊಂಡು ಕೇಳುವುದನ್ನು ಇಟ್ಟುಕೊಳ್ಳಿ.

ಇನ್ನು ಲಯ. ರಾಕ್ ಹಾಡನ್ನು ಸಾಮಾನ್ಯವಾಗಿ ಕಿವಿಯಲ್ಲಿ ಕ್ಲಿಕ್, ಅಂದರೆ ಸಮ ವೇಗದ ಟಿಕ್ ಟಿಕ್ ಸದ್ದು, ಹಾಕಿಕೊಂಡು ನುಡಿಸುತ್ತಾರೆ, ಆಮೇಲೆ ಕತ್ತರಿಸಿ ಜೋಡಿಸಲು ಸುಲಭ ಅಂತ. ಗೌಡ್ರ ಕಿವಿಗೆ ಹೆಡ್‌ಫೋನ್ ಕೊಟ್ಟು ಟಿಕ್ ಟಿಕ್ ಕೇಳಿಸಿದಾಗ ಅವರು ಬಾರಿಸಿದ್ದು ತಾಳಕ್ಕೆ ಸರಿಯಾಗಿಯೇ ಇತ್ತು. ಆದರೆ ಗುಮಟೆಯ ನಡಿಗೆಯೇ ಹೋಗಿಬಿಟ್ಟಿತ್ತು. ಅವರು ಚರಣ ತುಂಬುವಾಗ ತುಸು ಮುಂದಕ್ಕೆ ಬಾಗುತ್ತಾರೆ, ಮುಗಿಸುವಾಗ ತುಸು ತಡೆದು ಇಳಿಯುತ್ತಾರೆ. ಕ್ಲಿಕ್ ಆ ಎರಡನ್ನೂ ಸಮ ಮಾಡಿತ್ತು. ಇದರ ಬಗ್ಗೆ ನಮ್ಮಲ್ಲಿ ಜೋರು ವಾದ ನಡೆಯಿತು. ಡ್ರಮ್ಮರ್‌ಗೆ ಕ್ಲಿಕ್ ಬೇಕೇ ಬೇಕು ಅನ್ನುವ ಹಟ. ನನ್ನ ಮಾತು ಒಂದೇ ಇತ್ತು. ಗುಮಟೆಯನ್ನು ಅಲಂಕಾರಕ್ಕೆ ಇಟ್ಟುಕೊಳ್ಳುವುದಾದರೆ ಬೇಡವೇ ಬೇಡ, ಅದು ನಡೆಸುವುದಾದರೆ ನಾವು ಹಿಂದೆ ನಡೆಯೋಣ.

ಕೊನೆಗೆ ಗೌಡ್ರು ಮೊದಲು, ಕ್ಲಿಕ್ ಇಲ್ಲದೆ, ಹಾಡುವವಳ ಮುಖ ನೋಡುತ್ತ ಇಡೀ ಹಾಡು ಬಾರಿಸಿದರು. ಆಮೇಲೆ ನಾನು ರೆಕಾರ್ಡಿಂಗ್ ಸಾಫ್ಟ್‌ವೇರ್ ಆದ ರೀಪರ್‌ನಲ್ಲಿ ಕೂತು ಅವರ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಗುರುತು ಹಾಕಿ ಟೆಂಪೋ ಮ್ಯಾಪ್, ಅಂದರೆ ವೇಗದ ಏರಿಳಿತದ ನಕ್ಷೆ, ಮಾಡಿದೆ. ನಿಮಿಷಕ್ಕೆ 92ರಿಂದ 97 ತಾಳದ ಪೆಟ್ಟುಗಳ ನಡುವೆ ಅದು ಏರಿಳಿಯುತ್ತದೆ. ಕ್ಲಿಕ್ ಈಗ ಗುಮಟೆಯ ಹಿಂದೆ ಹೋಗುತ್ತದೆ, ಡ್ರಮ್ಮು ಆ ಕ್ಲಿಕ್ಕಿನ ಹಿಂದೆ. ಡ್ರಮ್ಮರ್ ಆ ಏರಿಳಿತ ಕಲಿಯಲು ಸಮಯ ತಗೊಂಡ. ಕಲಿತ ಮೇಲೆ ಕೋರಸ್ಸಿಗೆ ಹೋಗುವ ಜಾಗದಲ್ಲಿ ಎರಡೂ ಒಟ್ಟಿಗೆ ಮುಂದಕ್ಕೆ ವಾಲುತ್ತವೆ. ಇಡೀ ಹಾಡಿನಲ್ಲಿ ನನಗೆ ತುಂಬ ಹಿಡಿಸಿದ ಜಾಗ ಅದು.

ಡ್ರಮ್ಮಿಗೆ ನಾಲ್ಕು ಮೈಕ್. ಕಾಲಲ್ಲಿ ಹೊಡೆಯುವ ಕಿಕ್ಕಿಗೊಂದು, ಸ್ನೇರಿಗೊಂದು, ಮೇಲಿನವು ಇಂಗ್ಲೆಂಡಿನ ರೆಕಾರ್ಡಿಂಗ್ ಇಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನ ವಿಧಾನದಲ್ಲಿ ಎರಡು. ಒಂದು ಸ್ನೇರಿನ ನೇರ ಮೇಲೆ, ಇನ್ನೊಂದು ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ ಆದ ಫ್ಲೋರ್ ಟಾಮಿನ ಪಕ್ಕ. ಎರಡೂ ಸ್ನೇರಿನ ನಡುವಿನಿಂದ ಒಂದೇ ದೂರ ಇರಬೇಕು, ಅದಕ್ಕೆ ದಾರ ಹಿಡಿದು ಅಳೆದೆವು. 35 ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೆ ಒಂದು ಮಿಲಿಸೆಕೆಂಡ್ ತಪ್ಪುತ್ತದೆ, ಸ್ನೇರ್ ತೆಳ್ಳಗಾಗುತ್ತದೆ. ಎಲ್ಲವನ್ನೂ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುವುದು), ಪ್ರತಿ ಅಳತೆಗೆ 24 ಬಿಟ್‌ನಲ್ಲಿ ಹಿಡಿದೆವು. 24 ಬಿಟ್ ಇದ್ದಾಗ ಲೆವೆಲ್ಲನ್ನು ಕೆಂಪಿನ ತನಕ ಏರಿಸುವ ಅಗತ್ಯವೇ ಇಲ್ಲ, ಜೋರಿನ ಪೆಟ್ಟು ಮೈನಸ್ 10 ಡೆಸಿಬೆಲ್ ಹತ್ತಿರ ಬಂದರೆ ಸಾಕು. ಹಾಡುವವಳ ದನಿಯನ್ನು ಬೆಳಗಿನ ಜಾವ ಹಿಡಿದೆವು, ಜೀರುಂಡೆ ನಿಂತ ಮೇಲೆ, ಕಾಗೆ ಶುರುವಾಗುವ ಮೊದಲು.

ಮಳೆಯಲ್ಲಿ ಮಿಕ್ಸ್

ಕಿಕ್ಕು, ಬೇಸು, ಗುಮಟೆ ಮೂರೂ ತಳದಲ್ಲೇ ಕೂರುವಂಥವು. ನಮ್ಮ ಗುಮಟೆಯ ಗುಂ 90 ಹರ್ಟ್ಸ್ ಸುತ್ತ ಇತ್ತು. ಕಿಕ್ಕಿನಿಂದ ಅಲ್ಲಿ ಒಂದಿಷ್ಟು ತೆಗೆದು ಅದನ್ನು 60ರ ಕೆಳಗೆ ಇಳಿಸಿದೆ. ಗುಮಟೆ ಬಾರಿಸುವ ಚರಣಗಳಲ್ಲಿ ಬೇಸ್ ನುಡಿಸುವವನೇ ಸ್ವರ ಕಡಿಮೆ ಮಾಡಿ ಉದ್ದಕ್ಕೆ ಎಳೆದ. ಈಕ್ವಲೈಜರ್ ತಿರುಗಿಸುವುದಕ್ಕಿಂತ ಅದು ಎಷ್ಟೋ ಒಳ್ಳೆಯದಾಯಿತು.

ಆಗಾಗ ಕರೆಂಟು ಹೋಗುತ್ತಿತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಹಾರ್ಡ್ ಡಿಸ್ಕಿಗೆ ಇಲ್ಲ, ಹಾಗಾಗಿ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸನ್ನೂ ಡಿಸ್ಕನ್ನೂ ಯು.ಪಿ.ಎಸ್. ಮೇಲೆ ಇಟ್ಟೆ.

ಮಾಸ್ಟರ್, ಅಂದರೆ ಬಿಡುಗಡೆಗೆ ಕೊಡುವ ಕೊನೆಯ ಪ್ರತಿ, ಎಷ್ಟು ಜೋರಾಗಿರಬೇಕು ಅನ್ನುವುದರಲ್ಲಿ ನನ್ನ ನಿಲುವು ಸ್ಪಷ್ಟ ಇತ್ತು. ಸ್ಪಾಟಿಫೈ ಹಾಡುಗಳನ್ನು ಸುಮಾರು ಮೈನಸ್ 14 ಎಲ್.ಯು.ಎಫ್.ಎಸ್. (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಎಷ್ಟು ಜೋರು ಮಾಡಿ ಕೊಟ್ಟರೂ ಅದು ಇಳಿಸಿಯೇ ಇಳಿಸುತ್ತದೆ. ಆದರೆ ಜೋರು ಮಾಡುವಾಗ ಲಿಮಿಟರ್ (ಜೋರಿನ ತುದಿಗಳನ್ನು ತಡೆಯುವ ಸಾಧನ) ಕತ್ತರಿಸಿದ ಗುಮಟೆಯ ಪೆಟ್ಟು ವಾಪಸ್ ಬರುವುದಿಲ್ಲ. ಮೈನಸ್ 12ರಲ್ಲಿ ನಿಲ್ಲಿಸಿದೆ, ಟ್ರೂ ಪೀಕ್, ಅಂದರೆ ಅತಿ ಜೋರಿನ ತುದಿ, ಮೈನಸ್ 1 ಡೆಸಿಬೆಲ್. ಫೋನಿನ ಸ್ಪೀಕರಿನಲ್ಲಿ, ರಿಕ್ಷಾದಲ್ಲಿ, ಡ್ರಮ್ಮರ್ ಅಪ್ಪನ ಹಳೆಯ ಕಾರಿನಲ್ಲಿ ಕೇಳಿ ಒಪ್ಪಿಕೊಂಡೆವು.

ಕಾಗದ, ಹೆಸರು, ಚಿತ್ರ

ಗೌಡ್ರ ಜೊತೆ ರೆಕಾರ್ಡಿಂಗಿಗೆ ಮೊದಲೇ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಬರೆದು ಓದಿ ಹೇಳಿ ಸಹಿ ಮಾಡಿಕೊಂಡೆವು. ಆ ದಿನದ ಸಂಭಾವನೆ ಬೇರೆ, ಬರುವ ಹಣದಲ್ಲಿ ನಮ್ಮೆಲ್ಲರಂತೆ ಸಮಪಾಲು ಬೇರೆ. ಗುಮಟೆಯ ಪೆಟ್ಟು ಪರಂಪರೆಯದು, ಯಾರಪ್ಪನ ಆಸ್ತಿಯೂ ಅಲ್ಲ ಅಂತ ಕೆಲವರು ಹೇಳುತ್ತಾರೆ. ಪರಂಪರೆ ಎಲ್ಲರದ್ದೂ ಹೌದು, ಆದರೆ ಅವತ್ತು ಬಾರಿಸಿದ ಕೈ ಅವರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ ಇರುತ್ತದೆ. ಜನಪದ ಕಲಾವಿದರನ್ನು ಕರೆಸಿ, ಶಾಲು ಹೊದಿಸಿ, ಹೆಸರಿಲ್ಲದೆ ಕಳಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಹಾಡನ್ನು ಆ್ಯಪ್‌ಗಳಿಗೆ ಮುಟ್ಟಿಸುವುದು ವಿತರಣಾ ಸೇವೆಯ ಕೆಲಸ. ನಾವು ಜುಲೈ ಶುರುವಿನಲ್ಲೇ ಕೊಟ್ಟೆವು. ಸ್ಪಾಟಿಫೈನಲ್ಲಿ ಸಂಪಾದಕರ ಪ್ಲೇಲಿಸ್ಟಿಗೆ ಹಾಡನ್ನು ಮುಂದಿಡಬೇಕೆಂದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಅದು ಅವರ ಬಳಿ ಇರಬೇಕು, ಅದಕ್ಕಿಂತ ಮುಂಚೆ ಇದ್ದಷ್ಟೂ ಒಳ್ಳೆಯದು. ಪ್ರತಿ ರೆಕಾರ್ಡಿಂಗಿಗೆ 12 ಅಕ್ಷರದ ಐ.ಎಸ್.ಆರ್.ಸಿ. ಗುರುತು ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಸೇವೆ ಬದಲಿಸಿದರೂ ಅದೇ ಗುರುತು ಕೊಟ್ಟರೆ ಹಾಡು ಹೊಸದಾಗಿ ಎಣಿಕೆಯಾಗುವುದು ತಪ್ಪುತ್ತದೆ. ಸಾಹಿತ್ಯ ಮತ್ತು ಸಂಗೀತ ಬರೆದವರು ಐ.ಪಿ.ಆರ್.ಎಸ್. ಅನ್ನುವ ಕೃತಿಸ್ವಾಮ್ಯ ಸಂಘದ ಸದಸ್ಯತ್ವಕ್ಕೂ ಅರ್ಜಿ ಹಾಕಿದೆವು. ಹಾಡು ಸಾರ್ವಜನಿಕವಾಗಿ ಕೇಳಿಬಂದಾಗ ಬರೆದವರಿಗೆ ಸಲ್ಲುವ ರಾಯಲ್ಟಿ ಅಲ್ಲಿಂದ ಬರುತ್ತದೆ.

ಮುಖಚಿತ್ರ 3000ಕ್ಕೆ 3000 ಪಿಕ್ಸೆಲ್ ಚೌಕ ಇದ್ದರೆ ಒಳ್ಳೆಯದು. ಬೋಟುಗಳ ಮೂತಿಗೆ ಹೆಸರು ಬರೆಯುವ ಒಬ್ಬರು ಪೇಂಟರ್ ಇದ್ದಾರೆ. ಹಳೆಯ ಬೋಟಿನ ಹಲಗೆಯೊಂದರ ಮೇಲೆ ನೀಲಿ ಬಣ್ಣ ಬಳಿದು ಹಳದಿಯಲ್ಲಿ 'ಅರವತ್ತೊಂದು' ಅಂತ ಬರೆದುಕೊಟ್ಟರು, ಕೆಳಗೊಂದು ಗೆರೆ, ಎರಡು ಚುಕ್ಕಿ, ಬೋಟಿಗೆ ಮಾಡುವ ಹಾಗೆಯೇ. ಅದನ್ನು ಮೋಡದ ಬೆಳಕಿನಲ್ಲಿ ಫೋಟೋ ತೆಗೆದೆ. ಕಂಪ್ಯೂಟರಿನ ಯಾವ ಫಾಂಟಿಗೂ ಆ ಒತ್ತು, ಆ ಬಾಲ ಬರುವುದಿಲ್ಲ.

ಆಗಸ್ಟ್ 1ರ ಮಧ್ಯರಾತ್ರಿ ಹಾಡು ಬಂತು. ಬೆಳಗ್ಗೆ ಬೈತಖೋಲದಲ್ಲಿ ಐಸ್ ತುಂಬುತ್ತಿದ್ದವರ ಫೋನಿಗೆ ಕಳಿಸಿದೆವು. ಒಬ್ಬರು ಕೇಳಿ, ಎಂಜಿನ್ ಸದ್ದಿಗೆ ಮಾತು ಕೇಳುವುದಿಲ್ಲ, ಗುಮಟೆ ಮಾತ್ರ ಕೇಳುತ್ತದೆ ಅಂದರು. ಬೋಟಿನಲ್ಲಿ ಅಷ್ಟು ಕೇಳಿದರೂ ಲಾಭವೇ.

ಒಂದು ಆ್ಯಪ್‌ನಲ್ಲಿ ಗೌಡ್ರ ಹೆಸರು ಕಾಣಿಸಲಿಲ್ಲ. ನಾವು ಕಳಿಸಿದ ಮಾಹಿತಿಯಲ್ಲಿ ಇತ್ತು, ಅಲ್ಲಿಗೆ ಹೋಗುವಾಗ ಬಿಟ್ಟುಹೋಗಿತ್ತು. ವಿತರಣಾ ಸೇವೆಗೆ ಬರೆದು, ಒಪ್ಪಂದದ ಪ್ರತಿ ಲಗತ್ತಿಸಿ, ಸರಿಪಡಿಸಿದೆವು. ನೀವೂ ಬಿಡುಗಡೆಯ ದಿನ ಕೇಳುಗರ ಲೆಕ್ಕ ನೋಡುವ ಮೊದಲು ಪ್ರತಿ ಆ್ಯಪ್‌ನಲ್ಲೂ ಹೆಸರುಗಳನ್ನು ನೋಡಿ. ಬಿಡಿ ಟ್ರ್ಯಾಕುಗಳನ್ನೆಲ್ಲ ಎರಡು ಡಿಸ್ಕಿಗೆ ನಕಲು ಮಾಡಿ ಒಂದನ್ನು ಶಿರಸಿಗೆ ಕಳಿಸಿದ್ದೇವೆ, ಅಲ್ಲಿ ಉಪ್ಪುಗಾಳಿ ಇಲ್ಲ. ಗುಮಟೆಗೆ ಹೊಸ ಚರ್ಮ ಕಟ್ಟಲು ಗೌಡ್ರು ಮಳೆ ಬಿಡಲಿ ಅಂದಿದ್ದಾರೆ. ಎರಡನೇ ಹಾಡಿನ ಮೈಕ್ ಕೆಲಸ ಅದಾದ ಮೇಲೆ.